ಹೂಂ ಎನ್ನಲು ಲಾಗಿನ್ ಆಗಬೇಕು

ಹೆಣ್ಣು ನೋಡಲು ಬಂದವರು ನಮ್ಮ ಕಡೆ ‘ಬೇಡ’ ಎನ್ನುವುದಿಲ್ಲ. ಅಷ್ಟು ಒರಟು ಜನ ನಾವಲ್ಲ. ಬರುತ್ತಾರೆ, ಚೂಡಾ ತಿನ್ನುತ್ತಾರೆ, ಚಹಾವನ್ನು ಬಸಿಗೆ ಸುರಿದು ಸೊರ್ರೆಂದು ಕುಡಿಯುತ್ತಾರೆ, ಗೋಡೆಯ ಮೇಲಿನ ಫೋಟೋದಲ್ಲಿರುವ ಅಜ್ಜ ಯಾವ ಊರಿನವನೆಂದು ವಿಚಾರಿಸುತ್ತಾರೆ. ಆಮೇಲೆ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ, ‘ಆಮ್ಯಾಲ ತಿಳಸ್ತೀವ್ರಿ’ ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಆ ‘ಆಮ್ಯಾಲ’ ಎಂಬ ದಿನ ಬಸವಕಲ್ಯಾಣದ ಯಾವ ಕ್ಯಾಲೆಂಡರಿನಲ್ಲೂ ಬಂದದ್ದಿಲ್ಲ. ಅವ್ವ ಒಳಗೆ ಬಂದು ಖಾಲಿ ಕಪ್ಪು ಎತ್ತುತ್ತ, ‘ಇವರೂ ಬ್ಯಾಡ ಅಂದ್ರು’ ಎಂದು ನಮಗೆ ಅರ್ಥ ಬಿಡಿಸಿ ಹೇಳುತ್ತಿದ್ದಳು.

ಅಕ್ಕನ ಅಪರಾಧವೆಂದರೆ ಎತ್ತರ. ಹುಮನಾಬಾದಿನ ಒಂದು ಖಾಸಗಿ ಶಾಲೆಯಲ್ಲಿ ಹಿಂದಿ ಕಲಿಸುತ್ತಿದ್ದಳು. ದಿನಾ ಕಲ್ಯಾಣದಿಂದ ಬಸ್ಸಿನಲ್ಲಿ ಹೋಗಿ ಬರುವವಳಿಗೆ ಆ ಎತ್ತರದಿಂದ ಉಪಯೋಗವೇ ಇತ್ತು, ಮೇಲಿನ ಕಂಬಿ ಆರಾಮವಾಗಿ ಸಿಗುತ್ತಿತ್ತು. ಆದರೆ ಮದುವೆ ಮಾಡಿಕೊಳ್ಳಲು ಬಂದವರಿಗೆ ಬಸ್ಸಿನ ಕಂಬಿ ಹಿಡಿಯುವ ಸೊಸೆ ಬೇಕಾಗಿರಲಿಲ್ಲ. ಹುಡುಗನ ತಾಯಿ ಮೊದಲು ಕೇಳುತ್ತಿದ್ದದ್ದೇ, ‘ಜರಾ ಎದ್ದು ನಿಂದ್ರವಾ’ ಎಂದು. ಅಕ್ಕ ಎದ್ದು ನಿಲ್ಲುತ್ತಿದ್ದಳು, ಸಂಬಂಧ ಕೂತುಬಿಡುತ್ತಿತ್ತು. ಒಬ್ಬರಾದರೂ ಎತ್ತರದ ಮಾತು ಎತ್ತಲಿಲ್ಲ. ಎಲ್ಲರೂ ಮರ್ಯಾದಸ್ಥರು.

ಅಪ್ಪ ಇರಲಿಲ್ಲ. ಮನೆಯಲ್ಲಿ ಅವ್ವ, ಅಕ್ಕ, ನಾನು, ಇಷ್ಟೇ. ಅಕ್ಕನದು ಆಗದೆ ನನ್ನದು ಆಗುವಂತಿರಲಿಲ್ಲ, ಆದ್ದರಿಂದ ನಾನು ಪಟ್ಟ ಪಾಡನ್ನೆಲ್ಲ ಬರೀ ಅಕ್ಕರೆ ಎಂದು ಯಾರೂ ತಿಳಿಯಬಾರದು.

ಹೊಸ ಶತಮಾನ ಬಂದು ಕೆಲವು ವರ್ಷಗಳಾಗಿದ್ದವು. ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದ ಒಬ್ಬ ಮನುಷ್ಯ, ಅಂಗಡಿಯ ಹಿಂಭಾಗದಲ್ಲಿ ಪ್ಲೈವುಡ್ಡಿನ ಗೂಡುಗಳನ್ನು ಹೊಡೆಸಿ, ಒಂದೊಂದರಲ್ಲಿ ಒಂದೊಂದು ಕಂಪ್ಯೂಟರ್ ಕೂಡಿಸಿ, ಹೊರಗೆ ‘ಇಂಟರ್‌ನೆಟ್’ ಎಂದು ಬೋರ್ಡು ಹಾಕಿದ್ದ. ಆ ಬೋರ್ಡು ಮಾತ್ರ ಯಾವತ್ತೂ ಕೈಕೊಡಲಿಲ್ಲ. ಅಲ್ಲಿಯೇ ನಾನು ಅಕ್ಕನ ಹೆಸರನ್ನು ಮದುವೆ ಕೂಡಿಸುವ ಒಂದು ವೆಬ್‌ಸೈಟಿಗೆ ಸೇರಿಸಿದೆ. ಎತ್ತರ ಎಷ್ಟು ಎಂದು ಕೇಳಿದ ಜಾಗದಲ್ಲಿ ಸ್ವಲ್ಪ ಕಡಿಮೆ ಬರೆಯಲು ಹೊರಟೆ. ಅಕ್ಕ ನನ್ನ ಕೈ ಹಿಡಿದಳು.

‘ಖರೇ ಇದ್ದಷ್ಟು ಬರಿ. ಬಂದ ಮ್ಯಾಲ ಎದ್ದು ನಿಂದ್ರೋದು ತಪ್ತದ’ ಎಂದಳು.

ಸುಮಾರು ದಿನ ಏನೂ ಬರಲಿಲ್ಲ. ಒಂದು ಸಂಜೆ ನಾವಿಬ್ಬರೂ ಆ ಗೂಡಿನಲ್ಲಿ ಒಂದೇ ಸ್ಟೂಲಿನ ಮೇಲೆ ಅರ್ಧರ್ಧ ಕೂತಿದ್ದಾಗ ಒಂದು ಸಂದೇಶ ತೆರೆದುಕೊಂಡಿತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಓದುವಾಗ ನಾಲಿಗೆ ಎಡವುತ್ತಿತ್ತು. ಮನ್ನಾಏಖೇಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವನು ಬರೆದಿದ್ದ: ‘ನಿಮ್ಮ ಫೋಟೋ ನೋಡೀನಿ. ನಾ ನಿಮಗಿಂತ ಜರಾ ಗಿಡ್ಡ ಅದೀನಿ. ನನಗ ಅದೇನೂ ತಕ್ಲೀಫ್ ಇಲ್ಲ. ನಿಮಗ ಮನಸ್ಸದನ? ಇದ್ರ ಹೂಂ ಅಂತ ಬರೀರಿ, ಇಲ್ಲಂದ್ರ ಇಲ್ಲ ಅಂತ ಬರೀರಿ. ಬರೋ ಅಮಾಸಿ ತನಕ ಕಾಯ್ತೀನಿ.’

ಅಕ್ಕ ಅದನ್ನು ತುಟಿ ಆಡಿಸುತ್ತ ಓದಿದಳು. ಮತ್ತೊಮ್ಮೆ ಓದಿದಳು. ಅಲ್ಲಿಯವರೆಗೆ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಹೆಸರೇನು, ರೊಟ್ಟಿ ಬಡಿಯಲು ಬರುತ್ತದೆಯೆ, ಎದ್ದು ನಿಲ್ಲು, ನಡೆದು ತೋರಿಸು, ಇವೆಲ್ಲ ದನದ ಸಂತೆಯಲ್ಲೂ ಆಗುತ್ತವೆ. ನಿನಗೆ ಮನಸ್ಸಿದೆಯೆ ಎಂದು ಕೇಳಿದವನು ಇವನೊಬ್ಬನೇ. ನಾನು ಕೀಬೋರ್ಡಿಗೆ ಕೈ ಹಾಕಿದೆ. ‘ನೀ ಬ್ಯಾಡ. ನಾನೇ ಬರೀತೀನಿ’ ಎಂದು ಅದನ್ನು ತನ್ನ ಕಡೆ ಎಳೆದುಕೊಂಡಳು.

ಬರೆಯಲು ಹೊರಟವಳಿಗೆ ಒಂದು ಚಿಂತೆ ಹತ್ತಿತು. ಇಂಗ್ಲಿಷ್ ಅಕ್ಷರದಲ್ಲಿ ಹೂಂ ಬರೆದರೆ ಅದನ್ನು ‘ಹಮ್’ ಎಂದು ಓದಿಕೊಂಡಾರು, ಹಿಂದಿಯಲ್ಲಿ ಅದಕ್ಕೆ ‘ನಾವು’ ಎಂದು ಅರ್ಥ. ‘ಹೂಂ ಅನ್ನೋಕೂ ಮೊದಲೇ ನಾವು ಅಂದ್ರ ಹ್ಯಾಂಗ?’ ಎಂದು ನಕ್ಕಳು. ನಾನು ಆ ನಗು ನೋಡಿ ಬಹಳ ದಿನವಾಗಿತ್ತು. ಸರಿ, ಯು ಬಿಟ್ಟು ಎರಡು ಓ ಹಾಕೋಣ ಎಂದು ತೀರ್ಮಾನವಾಗಿ, ಅವಳು ಒಂದು ಬೆರಳಿನಿಂದ ಆ ಅಕ್ಷರ ಹುಡುಕುತ್ತಿದ್ದಾಗ ಕರೆಂಟು ಹೋಯಿತು.

ಅವತ್ತಿನಿಂದ ಆ ವೆಬ್‌ಸೈಟು ನಮಗೆ ಬಾಗಿಲು ತೆಗೆಯಲಿಲ್ಲ. ಹೆಸರು ಒತ್ತುವುದು, ಪಾಸ್‌ವರ್ಡ್ ಒತ್ತುವುದು, ಮರಳು ಗಡಿಯಾರ ತಿರುಗುವುದನ್ನು ನೋಡುತ್ತ ಕೂರುವುದು, ಕಡೆಗೆ ಒಂದು ಬಿಳಿ ಪುಟ. ಸಂಪರ್ಕ ಸಾಧ್ಯವಾಗಲಿಲ್ಲ, ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ. ಕೆಲವು ದಿನ ಬೇರೆ ಮಾತು: ಸಮಯ ಮೀರಿದೆ. ಯಾರ ಸಮಯ ಎಂದು ಅದು ಹೇಳುತ್ತಿರಲಿಲ್ಲ. ಮದುವೆ ತಡವಾದವರ ವೆಬ್‌ಸೈಟಿಗೆ ಅಷ್ಟಾದರೂ ಸೂಕ್ಷ್ಮ ಇರಬೇಕಿತ್ತು.

ಅಂಗಡಿಯವನ ಹತ್ತಿರ ಎಲ್ಲ ರೋಗಕ್ಕೂ ಮದ್ದಿತ್ತು. ಹಿಂದಿನ ವೈರು ಕಿತ್ತು, ತುದಿಗೆ ಬಾಯಿಂದ ಊದಿ, ಮತ್ತೆ ಚುಚ್ಚುವುದು ಮೊದಲನೆಯದು. ಪಕ್ಕದ ಗೂಡಿನಲ್ಲಿ ಹಾಡು ಇಳಿಸಿಕೊಳ್ಳುತ್ತಿದ್ದವನನ್ನು ಗದರಿಸುವುದು ಎರಡನೆಯದು. ಆ ಮೇಲೆ ಎಂಟರ್ ಗುಂಡಿಯನ್ನು ಖಾರ ಕುಟ್ಟಿದ ಹಾಗೆ ಕುಟ್ಟುವುದು. ಇವೆಲ್ಲ ಮುಗಿದ ಮೇಲೆ ಕೈ ಒರೆಸಿಕೊಂಡು, ‘ಸರ್ವರ್ ಬಿದ್ದದ್ರಿ ಅಕ್ಕೋರ’ ಎನ್ನುತ್ತಿದ್ದ. ನಮ್ಮ ಕಡೆ ಟೀಚರುಗಳಿಗೆ ಅಕ್ಕೋರು ಎನ್ನುವುದು ರೂಢಿ.

‘ಯಾವಾಗ ಏಳ್ತದ?’ ಎಂದು ಅಕ್ಕ ಕೇಳಿದಳು.

‘ಅದು ಅಮೆರಿಕಾದಾಗ ಅದ್ರಿ. ಅಲ್ಲಿ ಈಗ ಎಲ್ಲಾರೂ ಮಲಗಿರ್ತಾರ. ಅವರು ಎದ್ದು ಮಾರಿ ತೊಳಕೊಂಡು ಬಂದ ಮ್ಯಾಲ ನೋಡೂಣು.’

ಹೀಗೆ, ಬಸ್ಸು ಹತ್ತಿದರೆ ಸಿಗುವ ಮನ್ನಾಏಖೇಳ್ಳಿಗೆ ಒಂದು ಹೂಂ ಎನ್ನುವುದಕ್ಕೆ ಅಮೆರಿಕಾ ಮಾರಿ ತೊಳೆಯಬೇಕಾಗಿತ್ತು. ‘ಸುಮ್ನ ಬಸ್ ಹತ್ತಿ ಹೋಗಿ ಹೇಳಿ ಬರೂಣು ನಡಿ’ ಎಂದು ನಾನು ಅಂದೆ. ಅಕ್ಕ ಒಪ್ಪಲಿಲ್ಲ. ಅವರು ಅಲ್ಲಿ ಕೇಳಿದ್ದಾರೆ, ಅಲ್ಲೇ ಹೇಳಬೇಕು ಎಂದಳು. ಅವ್ವನಿಗೆ ಗೊತ್ತಾದಾಗ ಅವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ‘ಹೆಣ್ಣಿನ ಕಡೆಯವ್ರು ತಾವಾಗೇ ಹೋಗಿ ಹೂಂ ಅಂದ್ರ ಕಿಮ್ಮತ್ತು ಎಲ್ಲಿ ಉಳೀತದ?’ ಎಂದು ನನಗೇ ಬೈದಳು. ಬಂದವರಿಗೆಲ್ಲ ಮಗಳನ್ನು ನಿಲ್ಲಿಸಿ ತೋರಿಸಿದಾಗ ಕಿಮ್ಮತ್ತಿಗೆ ಏನೂ ಆಗಿರಲಿಲ್ಲ ಎಂದು ಕಾಣುತ್ತದೆ.

ಹುಮನಾಬಾದಿನಲ್ಲಿ ಬ್ರಾಡ್‌ಬ್ಯಾಂಡ್ ಬಂದಿದೆ ಎಂದು ಅಕ್ಕನ ಶಾಲೆಯಲ್ಲಿ ಯಾರೋ ಹೇಳಿದರು. ನಾನು ಕಲ್ಯಾಣದಿಂದ ಬಸ್ಸಿನಲ್ಲಿ ಅಲ್ಲಿಗೆ ಹೋದೆ, ಅಕ್ಕ ಶಾಲೆ ಮುಗಿಸಿ ಬಂದಳು. ಗಾಜಿನ ಬಾಗಿಲು, ತಿರುಗುವ ಕುರ್ಚಿ, ಫ್ಯಾನು. ಹೆಸರು ಒತ್ತಿದೆವು, ಪಾಸ್‌ವರ್ಡ್ ಒತ್ತಿದೆವು. ಕಲ್ಯಾಣದಲ್ಲಿ ಆ ಬಿಳಿ ಪುಟ ಬರುವುದರೊಳಗೆ ಹೊರಗೆ ಹೋಗಿ ಚಹಾ ಕುಡಿದು ಬರಬಹುದಿತ್ತು. ಇಲ್ಲಿ ಕಣ್ಣು ಮಿಟುಕಿಸುವುದರೊಳಗೆ ಬಂತು. ಬ್ರಾಡ್‌ಬ್ಯಾಂಡ್ ಎಂದರೆ ಏನೆಂದು ನನಗೆ ಅವತ್ತು ತಿಳಿಯಿತು.

ಅಕ್ಕ ಬೇಸರವನ್ನು ತೋರಿಸಿಕೊಳ್ಳುವವಳಲ್ಲ. ಆದರೆ ಅವತ್ತು ಆ ತಿರುಗುವ ಕುರ್ಚಿಯಲ್ಲಿ ಕೂತು, ‘ಅವರು ದಿನಾ ತೆಗೆದು ನೋಡತಿರಬೇಕಲ್ಲ’ ಎಂದಳು. ನನಗೆ ಆ ಪರದೆಗೆ ಕಲ್ಲು ಬೀಸಬೇಕು ಎನ್ನಿಸಿತು.

ಮನೆಗೆ ಬಂದಾಗ ಅವ್ವ ಮೆಂತ್ಯ ಸೊಪ್ಪು ಸೋಸುತ್ತಿದ್ದಳು. ‘ಏನ್ ಬಂತು?’ ಎಂದಳು. ನಾನು ತಲೆ ಕೆಟ್ಟು ಬಂದಿದ್ದೆ, ಪರದೆಯ ಮೇಲಿನ ಇಂಗ್ಲಿಷನ್ನು ಇದ್ದ ಹಾಗೇ ನಮ್ಮ ಮಾತಿಗೆ ತಂದೆ. ‘ಈಗ ಆಗಂಗಿಲ್ಲ, ಆಮ್ಯಾಲ ನೋಡ್ರಿ ಅಂತ ಬಂತು.’

ಅವ್ವನ ಕೈ ಸೊಪ್ಪಿನಲ್ಲೇ ನಿಂತಿತು.

‘ಅವರೂ ಆಮ್ಯಾಲ ಅಂದ್ರಾ?’

‘ಅವರಲ್ಲವ್ವ, ಮಷಿನ್ ಅಂತು.’

‘ಮಷಿನ್‌ಗೇನು ಬಾಯಿ ಅದನ? ಅವರೇ ಅದರ ಕಡಿಂದ ಹೇಳಸ್ಯಾರ. ಮಾರಿ ಮ್ಯಾಲ ಹೇಳಾಕ ಸಂಕೋಚ ಆಗಿರ್ತದ. ಎಲ್ಲಾರೂ ಹಂಗೇ ಅಲ್ಲ?’

ಸರ್ವರ್ ಎಂದರೇನು ಎಂದು ಹೇಳಲು ಕೂತೆ. ಹೋಟೆಲಿನ ಸರ್ವರ್ ಬಿಟ್ಟು ಬೇರೆ ಸರ್ವರನ್ನು ಅವ್ವ ನಂಬಲಿಲ್ಲ. ಇಷ್ಟು ವರ್ಷ ಬಾಗಿಲಲ್ಲಿ ಕೇಳಿದ ‘ಆಮ್ಯಾಲ’ದ ಅರ್ಥ ಬಿಡಿಸಿದವಳು ಅವಳು. ಆ ಮಾತು ಯಾವ ಬಾಯಿಂದ ಬಂದರೂ, ಬಾಯಿಯೇ ಇಲ್ಲದ್ದರಿಂದ ಬಂದರೂ, ಅವಳಿಗೆ ಅದಕ್ಕೆ ಒಂದೇ ಅರ್ಥ. ಅವತ್ತೇ ಕೊಡಂಬಲದಲ್ಲಿದ್ದ ಚಿಕ್ಕವ್ವನಿಗೆ ಫೋನು ಮಾಡಿ, ಮನ್ನಾಏಖೇಳ್ಳಿ ಪಂಪ್‌ಸೆಟ್ ಅಂಗಡಿಯವರ ಸಂಬಂಧವೂ ಮುರಿಯಿತು ಎಂದು ಕಣ್ಣೀರು ಹಾಕಿದಳು. ಆ ಫೋನು ಮಾತ್ರ ಮೊದಲ ಸಲಕ್ಕೇ ಹತ್ತಿತ್ತು. ಧ್ವನಿ ಗಂಟೆ ಬಾರಿಸಿದಂತೆ ಕೇಳಿಸುತ್ತಿತ್ತು.

ಅಮಾವಾಸ್ಯೆ ಹತ್ತಿರ ಬಂತು. ಕಲ್ಯಾಣದಲ್ಲಿ ಬಿಳಿ ಪುಟ, ಹುಮನಾಬಾದಿನಲ್ಲಿ ಬಿಳಿ ಪುಟ. ಶನಿವಾರ ಅಕ್ಕನಿಗೆ ಅರ್ಧ ದಿನ ಶಾಲೆ. ಇನ್ನೊಮ್ಮೆ ನೋಡೋಣ ಎಂದು ನಾನು ಹುಮನಾಬಾದಿಗೆ ಹೋದೆ. ಗಾಜಿನ ಬಾಗಿಲನ್ನು ನಾನು ತಳ್ಳುತ್ತಿದ್ದೆ, ಅಕ್ಕ ಅದರ ಮುಂದಿನಿಂದ ಸುಮ್ಮನೆ ನಡೆದು ಹೋದಳು. ಹಿಂದೆ ಓಡಿದೆ. ಅವಳು ಬಸ್ ಸ್ಟ್ಯಾಂಡಿನಲ್ಲಿ ಮನ್ನಾಏಖೇಳ್ಳಿ ಕಡೆ ಹೋಗುವ ಬಸ್ಸಿನ ಮೆಟ್ಟಿಲ ಮೇಲಿದ್ದಳು.

‘ಬರ್ತೀ ಇಲ್ಲ?’ ಎಂದಳು.

ಅಂಗಡಿ ಹುಡುಕುವುದೇನೂ ಕಷ್ಟವಾಗಲಿಲ್ಲ. ಬಿಚ್ಚಿಟ್ಟ ಮೋಟರುಗಳ ನಡುವೆ ಒಬ್ಬ ಕುಕ್ಕರಗಾಲಲ್ಲಿ ಕೂತು ತಾಮ್ರದ ತಂತಿ ಸುತ್ತುತ್ತಿದ್ದ. ನೆರಳು ಬಿದ್ದದ್ದಕ್ಕೆ ತಲೆ ಎತ್ತಿದ. ಫೋಟೋ ಚೆನ್ನಾಗಿ ನೋಡಿಕೊಂಡಿದ್ದನೆಂದು ಕಾಣುತ್ತದೆ, ಎದ್ದು ನಿಂತ ರಭಸಕ್ಕೆ ತಂತಿಯೆಲ್ಲ ಬಿಚ್ಚಿಹೋಯಿತು. ಬರೆದದ್ದು ನಿಜವೇ. ಅಕ್ಕನ ಕಿವಿಯವರೆಗೆ ಬರುತ್ತಿದ್ದ.

‘ಬರ್ರಿ’ ಎಂದು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡ.

ಅಕ್ಕ ಕೂರಲಿಲ್ಲ. ‘ನೀವು ಕೇಳಿದ್ರಿ. ಅದು ಚಾಲೂ ಆಗವಲ್ದು, ಅದಕ್ಕ ನಾನೇ ಬಂದೀನಿ. ಹೂಂ ಅಂತ ಹೇಳಬೇಕಾಗಿತ್ತು’ ಎಂದಳು. ಧ್ವನಿ ನಡುಗಲಿಲ್ಲ.

ಅವನು ಒರೆಸಿದ ಕೈಯನ್ನೇ ಮತ್ತೆ ಒರೆಸಿದ. ‘ನಮ್ಮವ್ವ ಕೊಡಂಬಲದಾಗ ಇರ್ತಾಳ್ರಿ. ನಿಮ್ಮ ಮನ್ಯಾಗ ಬ್ಯಾಡ ಅಂದಾರ ಅಂತ ಅಲ್ಲಿ ಖಬರ್ ಬಂತು.’

‘ನಾ ಅಂದಿಲ್ರಿ.’

‘ಈಗ ತಿಳೀತ್ರಿ.’

ನನಗೂ ಆಗಲೇ ತಿಳಿದದ್ದು. ಅವ್ವ ‘ಮುರಿಯಿತು’ ಎಂದದ್ದು ಚಿಕ್ಕವ್ವನ ಮನೆಯಿಂದ ಇವನ ತಾಯಿಯ ಮನೆಗೆ ಹೋಗುವುದರೊಳಗೆ ‘ಅವರು ಬೇಡ ಅಂದರು’ ಎಂದಾಗಿತ್ತು. ಆ ಸುದ್ದಿಗೆ ಪಾಸ್‌ವರ್ಡ್ ಬೇಕಾಗಿರಲಿಲ್ಲ, ಯಾವ ಸರ್ವರೂ ಬೀಳಲಿಲ್ಲ, ಯಾರೂ ವೈರು ಊದಲಿಲ್ಲ. ಅಕ್ಕನ ಒಂದು ಹೂಂ ಮಾತ್ರ ಅಮೆರಿಕಾದಲ್ಲಿ ಸಿಕ್ಕಿಕೊಂಡಿತ್ತು.

‘ಅಮಾಸಿ ಇನ್ನೂ ಬಂದಿಲ್ರಲ್ಲ’ ಎಂದಳು ಅಕ್ಕ, ಮೆಲ್ಲಗೆ.

ಅವನು ಅವಳ ಮುಖ ನೋಡಿದ. ಈಗ ತನ್ನ ತಾಯಿಯನ್ನು ಕೇಳಿ ತಿಳಿಸುತ್ತೇನೆ ಎನ್ನುತ್ತಾನೆ, ಚಹಾ ತರಿಸುತ್ತಾನೆ, ಬಾಗಿಲ ತನಕ ಬರುತ್ತಾನೆ ಎಂದು ನಾನು ಹಲ್ಲು ಕಚ್ಚಿ ನಿಂತಿದ್ದೆ.

‘ಇಲ್ರಿ ಅಕ್ಕೋರ’ ಎಂದ. ‘ಹೋದ ಸೋಮವಾರ ನಿರ್ಣಾ ಊರಾಗ ಹೆಣ್ಣು ನೋಡಿ ಮಾತು ಕೊಟ್ಟೀನಿ. ಆ ಹುಡುಗಿಗೂ ಕೇಳೀನಿ, ಹೂಂ ಅಂದಾಳ. ಈಗ ನಾ ತಿರುಗಿದ್ರ ಆಕಿಗೆ ಅನ್ಯಾಯ ಆಗ್ತದ. ಆಗಂಗಿಲ್ರಿ.’ ಆಮೇಲೆ, ‘ನನಗೂ ಕೆಟ್ಟ ಅನಸ್ತದ್ರಿ’ ಎಂದ. ಅವನ ಕಣ್ಣು ತುಂಬಿದ್ದವು, ಆದರೆ ಬೇರೆ ಕಡೆ ನೋಡಲಿಲ್ಲ.

‘ಹೌದ್ರಿ. ಛಲೋ ಆಗ್ಲಿ’ ಎಂದು ಅಕ್ಕ ಕೈ ಮುಗಿದಳು.

ತಿರುಗಿ ಬರುವ ಬಸ್ಸಿನಲ್ಲಿ ನಾನು ಸುಮ್ಮನಿರಲಿಲ್ಲ. ಅವ್ವ, ಚಿಕ್ಕವ್ವ, ಜೆರಾಕ್ಸ್ ಅಂಗಡಿಯವನು, ಬ್ರಾಡ್‌ಬ್ಯಾಂಡ್, ಕರೆಂಟಿನವರು, ಎಲ್ಲರಿಗೂ ಹೆಸರು ಹಿಡಿದು ಶಾಪ ಹಾಕಿದೆ. ಅಕ್ಕ ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತಿದ್ದಳು. ನನ್ನ ಬೈಗುಳ ಮುಗಿಯುವ ತನಕ ಕಾದು, ‘ಇಷ್ಟ ಮಂದಿ ಬಂದು ಹೋದ್ರು. ಇಲ್ಲ ಅಂತ ಮಾರಿ ನೋಡಿ ಹೇಳಿದವ್ರು ಇವರೊಬ್ಬರೇ’ ಎಂದಳು.

ಬಸ್ಸು ಹುಮನಾಬಾದ್ ಮುಟ್ಟುವ ಹೊತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು, ‘ನನಗ ಇಂಥವರೇ ಬೇಕಾಗಿದ್ರು ನೋಡು’ ಎಂದಳು.