ತಾಂಡೇಲರು ಕೂರದ ಬೆಂಚು

ಮೊನ್ನೆ ದೇರೆಬೈಲಿನಲ್ಲಿ ಒಂದು ಹೊಸ ಮನೆಯ ಕೆಲಸ ನೋಡಲು ಹೋಗಿದ್ದೆ. ಬಡಗಿಯವರು ಬಾಗಿಲಿಗೆ ಪಾಲಿಶ್ ಹಚ್ಚುತ್ತಿದ್ದರು. ಸ್ಪಿರಿಟ್ಟಿನ ಘಾಟು ಮೂಗಿಗೆ ಬಡಿಯಿತು. ಅಳತೆಯ ಟೇಪನ್ನು ಅಲ್ಲೇ ಇಟ್ಟು ಹೊರಗೆ ಬಂದು ನಿಂತೆ. ತಾಂಡೇಲರು ನೆನಪಾದರು…

ಆರು ವರ್ಷಗಳ ಹಿಂದಿನ ಮಾತು. ಕುಡಿತ ಬಿಟ್ಟವರು ಹಗಲು ಹೊತ್ತು ಬಂದು ಕೂರಲು ಉರ್ವದ ಒಂದು ಹಳೆಯ ಹಂಚಿನ ಮನೆಯನ್ನು ಸಜ್ಜುಗೊಳಿಸುವ ಕೆಲಸ ನನಗೆ ಬಂದಿತ್ತು. ಅಲ್ಲಿಗೆ ಬರುತ್ತಿದ್ದವರಲ್ಲಿ ಅವರೂ ಒಬ್ಬರು. ಮೀನುಗಾರಿಕೆ ಬೋಟಿನಲ್ಲಿ ತಾಂಡೇಲರಾಗಿ ಮೂವತ್ತು ವರ್ಷ ಚುಕ್ಕಾಣಿ ಹಿಡಿದಿದ್ದವರು; ಕುಡಿದು ಕುಡಿದು ಆ ಕೆಲಸ ಕಳೆದುಕೊಂಡಿದ್ದರು. ನಾನು ನೋಡುವಾಗ ಬಿಟ್ಟು ಏಳು ತಿಂಗಳಾಗಿತ್ತು.

ಶಾಂತವಾಗಿರಲಿ ಎಂದು ನಾನು ನಕ್ಷೆಯಲ್ಲಿ ಮಂದ ದೀಪಗಳನ್ನು ಆಯ್ದುಕೊಂಡಿದ್ದೆ, ಕುರ್ಚಿಗಳನ್ನು ದುಂಡಗೆ ಜೋಡಿಸಿದ್ದೆ. ನನ್ನ ನಕ್ಷೆಯನ್ನು ಅವರು ಬಹಳ ಹೊತ್ತು ನೋಡಿದರು. ಇಂಥ ಬೆಳಕು ಇರುವುದು ಬಾರಿನಲ್ಲಿ ಎಂದರು. ಆಮೇಲೆ ಕುರ್ಚಿಗಳ ಮೇಲೆ ಬೆರಳಿಟ್ಟರು.

"ಮುಖ ಮುಖ ನೋಡಿಕೊಂಡು ಕೂತ್ರೆ ಸುಳ್ಳು ಹೇಳುವ ಅಂತ ಆಗ್ತದೆ ಮೇಡಂ. ಬೋಟಿನಲ್ಲಿ ಎಲ್ರೂ ನೀರು ನೋಡ್ತಾ ಕೂತಿರ್ತೇವೆ. ಆಗ ಮಾತು ತನ್ನಷ್ಟಕ್ಕೆ ಬರ್ತದೆ."

ನಕ್ಷೆ ಬದಲಾಯಿಸಿದೆ. ದೊಡ್ಡ ಕಿಟಕಿ, ಹಿತ್ತಿಲಿಗೆ ಮುಖ ಮಾಡಿದ ಉದ್ದನೆಯ ಬೆಂಚುಗಳು.

ಆ ಬೆಂಚುಗಳಿಗೆ ಪಾಲಿಶ್ ಹಚ್ಚುವ ದಿನಗಳಲ್ಲಿ ಎಲ್ಲರೂ ಕೂರುವ ಕೋಣೆಯನ್ನು ಮುಚ್ಚಬೇಕಿತ್ತು. ನನಗೆ ಹೊಳೆಯಲಿಲ್ಲ. ವಾಸನೆ ಜೋರುಂಟು, ಹೊರಗೆ ಕೂರುತ್ತೇನೆ ಎಂದು ತಾಂಡೇಲರು ಹೇಳಿದಾಗ, ಎರಡು ದಿನದಲ್ಲಿ ಹೋಗುತ್ತದೆ ಎಂದು ನಕ್ಕೆ. ಮೂರನೆಯ ದಿನ ಅವರು ಬರಲಿಲ್ಲ. ಮತ್ತೆ ಬರಲೇ ಇಲ್ಲ. ಕುಡಿತ ಪುನಃ ಶುರುವಾಗಿತ್ತು. ಆ ಮಳೆಗಾಲ ಮುಗಿಯುವ ಮೊದಲೇ ಲಿವರ್ ಕೆಟ್ಟು ತೀರಿಕೊಂಡರು. ಪಾಲಿಶಿನ ಸ್ಪಿರಿಟ್ಟಿಗೆ ಮದ್ಯದ್ದೇ ವಾಸನೆ, ಬಿಟ್ಟವರ ಆಸೆ ಕೆರಳಲು ಅದೇ ಸಾಕಾಗಬಹುದು ಎಂದು ಅಲ್ಲಿನ ಆಪ್ತಸಮಾಲೋಚಕಿ ಹೇಳಿದ್ದು ಅನಂತರ…

ಅವರ ಹೆಂಡತಿ ಉರ್ವ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾರೆ. ಇಷ್ಟು ವರ್ಷ ನಾನು ಅವರ ಕಣ್ಣಿಗೆ ಬೀಳದೆ ತಪ್ಪಿಸಿಕೊಂಡಿದ್ದೆ. ಮೊನ್ನೆ ದೇರೆಬೈಲಿನಿಂದ ಸೀದಾ ಅಲ್ಲಿಗೆ ಹೋದೆ. ನಡೆದದ್ದೆಲ್ಲ ಹೇಳಿ, ತಪ್ಪು ನನ್ನದು ಎಂದೆ.

ಅವರು ಬಂಗುಡೆ ಕೊಯ್ಯುವುದನ್ನು ನಿಲ್ಲಿಸಲಿಲ್ಲ.

"ನಂಗೆ ಗೊತ್ತುಂಟು. ಅವ್ರು ಆವತ್ತೇ ಹೇಳಿದ್ರು. ಮೇಡಂಗೆ ಹೇಳ್ಬೇಡ, ಬೇಜಾರಾಗಿ ಕೆಲಸ ನಿಲ್ಲಿಸಿದ್ರೆ ಉಳಿದವರಿಗೆ ಜಾಗ ಇಲ್ಲದ ಹಾಗೆ ಆಗ್ತದೆ ಅಂದ್ರು."

ಆಮೇಲೆ, ಅಲ್ಲಿಗೆ ಈಗಲೂ ಜನ ಬರುತ್ತಾರಾ ಎಂದು ಕೇಳಿದರು. ದಿನಾ ಬರುತ್ತಾರೆ ಎಂದೆ. ಅವರು ತಲೆಯಾಡಿಸಿದರು, ಮುಂದಿನ ಮೀನನ್ನು ಕೈಗೆತ್ತಿಕೊಂಡರು.