ಹುಲಿಗವ್ವನ ಟೀಮು ಗದ್ದೆಗಿಳಿದ ದಿನ

ಹುಲಿಗವ್ವನ ಪರಿಚಯ ನನಗಾದದ್ದು ಆಕೆ ಕಂಡಕ್ಟರ್ ಜೊತೆ ಜಗಳ ಮಾಡುವಾಗ. ಗಂಗಾವತಿಯಿಂದ ಕೊಪ್ಪಳಕ್ಕೆ ಹೋಗುವ ಬೆಳಗಿನ ಬಸ್ಸು. ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡಿನ ಗೊಡವೆ ಇಲ್ಲದ ಕಾಲ. ಆದರೆ ಆಕೆಯ ತೊಡೆಯ ಮೇಲೆ ಬಲೆಯಂಥ ದೊಡ್ಡ ಚೀಲವಿತ್ತು, ಅದರ ತುಂಬ ಫುಟ್‌ಬಾಲುಗಳು. ಲಗೇಜು ಟಿಕೆಟ್ ತೆಗೆಸಲೇಬೇಕೆಂದು ಕಂಡಕ್ಟರ್ ಹಟ ಹಿಡಿದು ನಿಂತಿದ್ದ.

“ಒಳಗ ಬರೇ ಗಾಳಿ ಐತೋ ಯಪ್ಪಾ. ಗಾಳಿಗೂ ಟಿಕೇಟು ಹರೀತಿಯೇನು?” ಎಂದಳು ಹುಲಿಗವ್ವ.

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರೂ ನಗುತ್ತ ಮುಂದೆ ಹೋದ. ಪಕ್ಕದ ಸೀಟಿನಲ್ಲಿದ್ದ ನನಗೂ ಆಕೆಗೂ ಇಳಿಯುವ ಜಾಗ ಒಂದೇ ಎಂದು ಆಮೇಲೆ ಗೊತ್ತಾಯಿತು. ದೊಡ್ಡ ರಸ್ತೆಗೆ ಹೊಂದಿಕೊಂಡು ಒಂದು ಟ್ರಸ್ಟಿನವರು ಕಟ್ಟಿದ ಖಾಸಗಿ ವಿಶ್ವವಿದ್ಯಾಲಯ ಅದು. ನಾನು ಅಲ್ಲಿ ಇತಿಹಾಸ ಕಲಿಸುತ್ತಿದ್ದೆ, ಈಗಲೂ ಕಲಿಸುತ್ತೇನೆ. ಹುಲಿಗವ್ವ ಅಲ್ಲಿಯ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡದ ಕೋಚ್. ಈಗ ಅಲ್ಲಿ ಆ ತಂಡವೂ ಇಲ್ಲ, ಆಕೆಯೂ ಇಲ್ಲ. ನೆನಪಾದರೆ ನನಗೆ ದುಃಖಕ್ಕಿಂತ ಮೊದಲು ಸಿಟ್ಟೇ ಬರುತ್ತದೆ.

ಹುಲಿಗವ್ವ ಹುಟ್ಟಿದ್ದು ಕಾಲುವೆ ಸೀಮೆಯಲ್ಲಿ. ಆಕೆಯ ತಾಯಿ ಭತ್ತದ ನಾಟಿ ಹಚ್ಚುವ ಹೆಂಗಸರ ಗುಂಪಿಗೆ ಮುಂದಾಳು. ಕಾಲುವೆಗೆ ನೀರು ಬಿಟ್ಟರೆಂದರೆ ಹೊರಗಿನಿಂದ ಬಂದು ನೆಲೆಸಿದವರ ಕ್ಯಾಂಪುಗಳ ದೊಡ್ಡ ರೈತರು ಆ ಗುಡಿಸಲ ಮುಂದೆ ಬಂದು ನಿಂತು, “ಯವ್ವಾ, ನಾಳಿಗೆ ನಮ್ಮ ಗದ್ದಿ” ಎಂದು ಗೋಗರೆಯುತ್ತಿದ್ದರಂತೆ. ಮಗಳೂ ತಾಯಿಯ ಬೆನ್ನ ಹಿಂದೆ ಕೆಸರಿಗಿಳಿದವಳೇ. ಮುಂದೆ ವಸತಿ ಶಾಲೆಯಲ್ಲಿ, ಆಟಕ್ಕೆ ಹುಡುಗರು ಸಾಲದ ಒಂದು ದಿನ, ದೈಹಿಕ ಶಿಕ್ಷಕರು ಈಕೆಯನ್ನು ಕರೆದು ನಿಲ್ಲಿಸಿದರು. ಕೆಸರಿನಲ್ಲಿ ಕಾಲು ಕಿತ್ತಿಡುವುದನ್ನು ಕಲಿತವಳು ಒಣನೆಲದ ಮೇಲೆ ಯಾರ ಕೈಗೂ ಸಿಗಲಿಲ್ಲ. ರಾಜ್ಯ ತಂಡದವರೆಗೆ ಹೋದಳು, ಮೊಣಕಾಲು ಮುರಿದುಕೊಂಡಳು, ಬಿ.ಪಿ.ಎಡ್. ಮುಗಿಸಿದಳು. ಗಂಡ ಕೃಷ್ಣ ಭತ್ತ ಕೊಯ್ಯುವ ಮಷೀನಿನ ಡ್ರೈವರ್. “ಸುಗ್ಗಿ ಬಂತಂದ್ರ ಅಂವ ಊರೂರು, ಟೂರ್ನಮೆಂಟ್ ಬಂತಂದ್ರ ನಾ ಊರೂರು. ನಮ್ಮದು ಸಂಸಾರ ಅಲ್ರಿ ಮೇಡಮ್ಮಾರ, ಬಸ್ ಸ್ಟ್ಯಾಂಡು” ಎನ್ನುತ್ತಿದ್ದಳು.

ಆಟಗಾರ್ತಿಯರನ್ನು ಹುಡುಕಲು ಆಕೆ ಕಾಲೇಜುಗಳಿಗೆ ಹೋದವಳಲ್ಲ, ಗದ್ದೆಗಳಿಗೆ ಹೋದಳು. ರಜೆಯಲ್ಲಿ ಕೂಲಿಗೆ ಬಂದ ಹುಡುಗಿಯರಲ್ಲಿ ಯಾರ ಕಾಲು ಚುರುಕು, ಯಾರ ಕಣ್ಣು ಚುರುಕು ಎಂದು ಬದುವಿನ ಮೇಲೆ ನಿಂತು, ಕನ್ಯೆ ನೋಡಲು ಬಂದ ಬೀಗರಂತೆ ನೋಡುತ್ತಿದ್ದಳು. ಹಾಗೆ ಸಿಕ್ಕವಳು ನವಲಿಯ ಯಮನೂರಮ್ಮ. ಎತ್ತರದ ಹುಡುಗಿ, ಮಾತು ಕಮ್ಮಿ. ಸಸಿಯ ಕಟ್ಟುಗಳನ್ನು ಎಸೆದರೆ ಎಷ್ಟು ದೂರದಿಂದ ಬಂದರೂ ಕೈಜಾರದಂತೆ ಹಿಡಿಯುತ್ತಿದ್ದಳು. ಹುಲಿಗವ್ವ ಅಲ್ಲೇ ಆಕೆಯನ್ನು ಗೋಲ್‌ಕೀಪರ್ ಮಾಡಿಬಿಟ್ಟಳು.

ಯಮನೂರಮ್ಮನ ತಂದೆ ರೈಸ್‌ಮಿಲ್ಲಿನಲ್ಲಿ ಹಮಾಲಿ. ಪಿಯುಸಿ ಆದ ಮೇಲೆ ಮದುವೆ ಎಂದು ಗೊತ್ತುಮಾಡಿಟ್ಟಿದ್ದರು. ಟೀಮಿಗೆ ಸೇರಿದವರಿಗೆ ಟ್ರಸ್ಟಿನವರು ಫೀಸು ಬಿಡುತ್ತಾರೆ, ಹಾಸ್ಟೆಲ್ ಕೊಡುತ್ತಾರೆ ಎಂದು ಹುಲಿಗವ್ವ ಹೇಳಿದಾಗ ತಾಯಿ ಹುಲಗಮ್ಮ ಎದ್ದು ಒಳಗೆ ಹೋದಳಂತೆ. ಆಮೇಲೆ ಮಗಳ ಕೈಹಿಡಿದು ತಂದು ಮುಂದೆ ನಿಲ್ಲಿಸಿದಳು. “ನೋಡ್ರಿ ಟೀಚರ, ಈಕೀನ ನಿಮ್ಮ ಉಡ್ಯಾಗ ಹಾಕೀನಿ. ಡಿಗ್ರಿ ಮುಗಿಸಿ ಕಳಸ್ರಿ. ನಡುವ ಬಿಡಬ್ಯಾಡ್ರಿ.”

“ನಾ ಅದೀನಿ” ಎಂದಿದ್ದಳು ಹುಲಿಗವ್ವ.

ಇನ್ನು ಆ ಟೀಮಿನ ಆಟ. ಸುಳ್ಳು ಯಾಕೆ ಹೇಳಲಿ, ಸೋಲುತ್ತಿತ್ತು. ಕುಷ್ಟಗಿಗೆ ಹೋಗಿ ಸೋಲುತ್ತಿತ್ತು, ಯಲಬುರ್ಗಿಗೆ ಹೋಗಿ ಸೋಲುತ್ತಿತ್ತು, ಮನೆಯ ಮೈದಾನದಲ್ಲಿ ಇನ್ನೂ ಚೆನ್ನಾಗಿ ಸೋಲುತ್ತಿತ್ತು. ಸೋತು ಬಂದ ದಿನ ಹುಲಿಗವ್ವ ಹುಡುಗಿಯರಿಗೆ ಮಿರ್ಚಿ, ಮಂಡಕ್ಕಿ ತಿನ್ನಿಸುತ್ತಿದ್ದಳು. “ಗೆದ್ದರೆ ಏನು ತಿನ್ನಿಸ್ತೀಯ?” ಎಂದು ನಾನು ಕೆಣಕಿದರೆ, “ಮೊದ್ಲ ಗೆಲ್ಲಲಿ ತಡೀರಿ, ಆಮ್ಯಾಲ ಒಲಿ ಹಚ್ಚೂಣು” ಎನ್ನುತ್ತಿದ್ದಳು.

ಸೋಲಿಗೆ ಕಾರಣ ಆಕೆಗೆ ಗೊತ್ತಿತ್ತು. ಟೂರ್ನಮೆಂಟುಗಳು ಬರುವುದೂ ನಾಟಿಯ ಹಂಗಾಮೂ ಒಂದೇ ಕಾಲಕ್ಕೆ. ನೀರು ಬಂತೆಂದರೆ ಅರ್ಧ ಟೀಮು ಊರಿಗೆ ಓಡುತ್ತಿತ್ತು. ಮನೆಯವರನ್ನು ಬೈದು ಪ್ರಯೋಜನವಿರಲಿಲ್ಲ, ನೀರು ಯಾರಿಗೂ ಕಾಯುವುದಿಲ್ಲ. ಆಗ ಹುಲಿಗವ್ವ ತನ್ನ ತಾಯಿ ಮಾಡುತ್ತಿದ್ದುದನ್ನೇ ಮಾಡಿದಳು. ಮುಯ್ಯಿ ಹಾಕಿದಳು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ಕೂಲಿ ಇಲ್ಲ, ಆಳಿಗೆ ಆಳು. ಇಷ್ಟೇ ಮುಯ್ಯಿ. ಯಾವ ಹುಡುಗಿಯ ಮನೆಯವರು ಗದ್ದೆ ಮಾಡಿರುತ್ತಾರೋ ಅಲ್ಲಿಗೆ ಟೀಮಿಗೆ ಟೀಮೇ ಹೋಗುವುದು, ಹಚ್ಚಿ ಮುಗಿಸುವುದು, ಆ ಹುಡುಗಿಯನ್ನು ಕರೆದುಕೊಂಡು ಬರುವುದು. ಗದ್ದೆ ಇಲ್ಲದ ಮನೆಯ ಹುಡುಗಿಯಾದರೆ, ಟೀಮಿನವರೆಲ್ಲ ಸೇರಿ ಅವರ ಮನೆಯ ಮುಂದೆ ಕಟ್ಟಿಗೆ ಒಡೆದು ರಾಶಿ ಹಾಕಿ ಬರುತ್ತಿದ್ದರು. ಹುಲಿಗವ್ವನೂ ಆ ಮುರಿದ ಮೊಣಕಾಲಿನಲ್ಲೇ ಸಾಲಿಗೆ ನಿಲ್ಲುತ್ತಿದ್ದಳು. ಆ ವರ್ಷ ಮೊದಲ ಸಲ ಟೀಮು ಒಂದು ಪಂದ್ಯ ಗೆದ್ದಿತು. ಒಲೆಯನ್ನೂ ಹಚ್ಚಿದರು. ಆಕೆಯ ಮನೆಯಲ್ಲಿ ಹೋಳಿಗೆ ಉಂಡವರಲ್ಲಿ ನಾನೂ ಒಬ್ಬಳು.

ಮರುವರ್ಷ ಟ್ರಸ್ಟಿನವರಿಗೆ ಖರ್ಚು ಕಣ್ಣಿಗೆ ಬಿತ್ತು. ಗೆಲ್ಲದ ಆಟಕ್ಕೆ ಹಾಸ್ಟೆಲ್ ಯಾಕೆ, ಬಸ್ಸು ಯಾಕೆ ಎಂಬ ಮಾತು ಬಂತು. ಹೊರಗಿನಿಂದ ಒಂದು ಸಮಿತಿ ಬಂದು ತಂಡದ ಅಭ್ಯಾಸ ನೋಡುತ್ತದೆ, ಅವರು ಹೇಳಿದಂತೆ ತಂಡ ಇರಬೇಕೋ ಬೇಡವೋ ತೀರ್ಮಾನ ಎಂದರು. ಶುಕ್ರವಾರ ಬರುತ್ತಾರೆ ಎಂದು ತಿಳಿಸಿದರು.

ಆ ಸಲ ಕಾಲುವೆಗೆ ನೀರು ತಡವಾಗಿ ಬಂದಿತ್ತು. ಯಮನೂರಮ್ಮನ ಮನೆಯವರು ನವಲಿಯಲ್ಲಿ ಒಂದು ತುಂಡು ಗದ್ದೆ ಲೀಜಿಗೆ ಹಿಡಿದಿದ್ದರು. ಸಸಿ ಬಲಿತು ಹೋಗುತ್ತಿತ್ತು. ಅವರ ಪಾಳಿಯ ನೀರು ಬುಧವಾರ ಬಂತು.

“ಗುರುವಾರ ಹಚ್ಚಿ ಒಗದು, ಶುಕ್ರವಾರ ಮುಂಜಾನಿ ಗ್ರೌಂಡಿನ್ಯಾಗ ಇರ್ತೀವ್ರಿ. ಯಮನೂರಿ ಮನಸು ಗದ್ಯಾಗ ಇದ್ರ ಗೋಲು ಹೆಂಗ ಕಾದಾಳು?” ಎಂದಳು ಹುಲಿಗವ್ವ. ನನಗೂ ಸರಿಯೆನಿಸಿತು. ಶುಕ್ರವಾರ ಅಂದಮೇಲೆ ಶುಕ್ರವಾರ ತಾನೆ.

ಸಮಿತಿಯವರು ಗುರುವಾರವೇ ಬಂದಿಳಿದರು. ಶುಕ್ರವಾರ ಅವರಿಗೆ ಆನೆಗೊಂದಿ ನೋಡಬೇಕಿತ್ತಂತೆ.

ಖಾಲಿ ಮೈದಾನದಲ್ಲಿ ಎರಡು ಆಡು ಮೇಯುತ್ತಿದ್ದವು. ನಾನು ಫೋನ್ ಮಾಡಿ ಮಾಡಿ ಸಾಕಾದೆ. ಫೋನು ಬದುವಿನ ಮೇಲಿನ ಚೀಲದಲ್ಲಿ, ಆಕೆ ಗದ್ದೆಯ ನಡುವೆ. ಕೊನೆಗೆ ನೀರು ಕುಡಿಯಲು ಬದುವಿಗೆ ಬಂದ ಸಬೀನಾ ಎಂಬ ಆಟಗಾರ್ತಿ ಎತ್ತಿಕೊಂಡಳು. ವಿಷಯ ಕೇಳಿದ್ದೇ ಎಲ್ಲರೂ ಒಂದು ಟಂಟಂ ಆಟೋ ಹಿಡಿದು ಹೊರಟರು. ಸಮಿತಿಯವರು ಗೆಸ್ಟ್‌ಹೌಸಿನಲ್ಲಿ ರೊಟ್ಟಿ, ಎಣ್ಣೆಗಾಯಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಟಂಟಂ ಮೈದಾನದ ಅಂಚಿಗೆ ಬಂದು ನಿಂತಿತು. ಹುಡುಗಿಯರು ಇಳಿದರು. ಮೈಮೇಲೆ ಅಣ್ಣಂದಿರ ಹಳೆಯ ಅಂಗಿ, ಮೊಣಕಾಲಿನವರೆಗೆ ಒಣಗಿದ ಕೆಸರು. ಕಾಲು ತೊಳೆಯಲೂ ಹೋಗದೆ ಚೆಂಡು ತೆಗೆದುಕೊಂಡು ಓಡಿದರು.

ಆ ಆಟವನ್ನು ನಾನು ಮರೆಯಲಾರೆ. ಬೆಳಗಿನಿಂದ ಬಗ್ಗಿದ ಸೊಂಟಗಳು ನೆಟ್ಟಗಾಗಲೇ ಒಲ್ಲವು. ಜಾಸ್ಮೀನ ಎಂಬಾಕೆ ಓಡುತ್ತ ಓಡುತ್ತ ಸೊಂಟ ಹಿಡಿದುಕೊಂಡು ಕುಳಿತೇಬಿಟ್ಟಳು. ಯಾವತ್ತೂ ಚೆಂಡು ಬಿಡದ ಯಮನೂರಮ್ಮನ ಕೈಯಿಂದ ಚೆಂಡು ಜಾರಿ ಹಿಂದೆ ಹೋಯಿತು. ಬೆರಳುಗಳು ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿದ್ದವು. ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡಿದ್ದವರಲ್ಲಿ ಒಬ್ಬರು ನಕ್ಕರು. ಅವರ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ, ಒಳ್ಳೆಯದಾಗಲಿ ಅವರಿಗೆ.

ಆಟ ನಿಲ್ಲಿಸಿ ಎಲ್ಲರನ್ನೂ ಕರೆದರು. “ಬೆಳಗ್ಗೆಯಿಂದ ಎಲ್ಲಿದ್ದಿರಿ?” ಎಂದು ಸಮಿತಿಯ ಅಧ್ಯಕ್ಷರು ಕೇಳಿದರು. ಅವರು ಯಮನೂರಮ್ಮನ ಕಡೆ ನೋಡಿದರು.

“ನಮ್ಮ ಗದ್ದಿಗೆ ನಾಟಿ ಹಚ್ಚಾಕ ಹೋಗಿದ್ವಿರಿ” ಎಂದಳು ಆಕೆ.

ಹುಲಿಗವ್ವ ಮುಂದೆ ಬಂದಳು. ಮುಖದಲ್ಲಿ ಹೆದರಿಕೆ ಇರಲಿಲ್ಲ. ಈಗ ಇವರಿಗೆ ಎಲ್ಲ ತಿಳಿಯುತ್ತದೆ, ಎಂಥ ಟೀಮು ಎಂದು ಮೆಚ್ಚುತ್ತಾರೆ ಎಂಬ ನಂಬಿಕೆ ಇತ್ತು. “ನಾನ ಕರಕೊಂಡ ಹೋಗಿದ್ನಿರಿ ಸರ. ನಮ್ಮ ಟೀಮಿನ್ಯಾಗ ಮುಯ್ಯಿ ಐತ್ರಿ. ಒಬ್ಬಾಕಿ ಗದ್ದಿ ಅಂದ್ರ ಎಲ್ಲಾರ ಗದ್ದಿ. ಒಂದು ರೂಪಾಯಿ ಕೂಲಿ ತಗೊಳ್ಳಂಗಿಲ್ರಿ ಯಾರೂ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಧ್ಯಕ್ಷರು ಪಕ್ಕದವರ ಮುಖ ನೋಡಿದರು. “ಕೂಲಿಯನ್ನೂ ಕೊಡುವುದಿಲ್ಲವಂತೆ” ಎಂದರು.

ನಾನು ನಡುವೆ ಬಾಯಿ ಹಾಕಿದೆ. ಮುಯ್ಯಿ ಎಂದರೆ ಏನು, ನಮ್ಮ ಕಡೆ ಅದಕ್ಕೆ ಎಂಥ ಮರ್ಯಾದೆ ಎಂದು ಬಿಡಿಸಿ ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿ, ಕಾರು ಹತ್ತಿ ಹೋದರು. ತಿಂಗಳೊಪ್ಪತ್ತಿನಲ್ಲಿ ಆದೇಶ ಬಂತು. ಕೋಚ್ ಆದವರು ವಿದ್ಯಾರ್ಥಿನಿಯರನ್ನು ಸಂಬಳವಿಲ್ಲದ ಕೂಲಿ ಕೆಲಸಕ್ಕೆ ಬಳಸಿಕೊಂಡಿದ್ದಾರೆ, ತಂಡದ ಸಾಧನೆಯೂ ಹೇಳಿಕೊಳ್ಳುವಂಥದ್ದಲ್ಲ, ಆದ್ದರಿಂದ ಫುಟ್‌ಬಾಲ್ ವಿಭಾಗವನ್ನು ಮುಚ್ಚಲಾಗಿದೆ. ಹುಲಿಗವ್ವನನ್ನು ಕೆಲಸದಿಂದ ತೆಗೆದರು. ಟೀಮಿನ ಹುಡುಗಿಯರಿಗೆ ಹಾಸ್ಟೆಲ್ ಬಿಡಲು ಹೇಳಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ. ನಾನು ಕಚೇರಿಗೆ ಹೋಗಿ ಕೂಗಾಡಿ ಬಂದೆ. ಅವರು ನನಗೆ ಚಹಾ ಕೊಟ್ಟು ಕಳಿಸಿದರು.

ತನ್ನ ಕೆಲಸ ಹೋದದ್ದಕ್ಕೆ ಹುಲಿಗವ್ವ ಅಳಲಿಲ್ಲ. “ಉಳದೋರು ಹೆಂಗರ ಮಾಡಿ ಓದತಾರ. ಯಮನೂರೀದು ಒಂದ ವರ್ಷ ಉಳದೈತ್ರಿ. ಅವರವ್ವಗ ಮಾತ ಕೊಟ್ಟೀನಿ” ಎಂದಳು. ಆ ಭಾನುವಾರ ನನ್ನನ್ನೂ ಕರೆದುಕೊಂಡು ನವಲಿಗೆ ಹೊರಟಳು. ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡೇ ಬಂದಿದ್ದಳು. ಹುಡುಗಿ ಗಂಗಾವತಿಯಲ್ಲಿ ಹುಲಿಗವ್ವನ ಮನೆಯಲ್ಲೇ ಇರಲಿ, ಅಲ್ಲಿಂದ ಬಸ್ಸು ಪುಕ್ಕಟೆ, ಫೀಸಿಗೆ ನಾವಿಬ್ಬರೂ ಸೇರಿ ಏನಾದರೂ ಮಾಡಿದರಾಯಿತು.

ಯಮನೂರಮ್ಮನ ತಾಯಿ ಚಾಪೆ ಹಾಸಿ, ತಂಬಿಗೆ ನೀರು ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡಳು. “ನಾ ಬ್ಯಾಡ ಅನ್ನಂಗಿಲ್ರಿ ಟೀಚರ. ಇವರಪ್ಪನೂ ಹೂಂ ಅಂದಾನ. ಇಕೀನ ಒಲ್ಲೆ ಅಂತಾಳ.”

ಯಮನೂರಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ಹುಲಿಗವ್ವ ಎದ್ದು ಹೋಗಿ ಆಕೆಯ ಗದ್ದ ಹಿಡಿದೆತ್ತಿದಳು. “ಯಾಕವ್ವಾ? ಯಾಕ ಒಲ್ಲೆ?”

“ನಮ್ಮ ಗದ್ದಿಗೆ ಬಂದಿದ್ದಕ್ಕ ಟೀಮು ಹೋತು, ನಿಮ್ಮ ನೌಕರಿ ಹೋತು. ಹೇಳಿದಾಕಿನೂ ನಾನ. ಸಬೀನಾ, ಜಾಸ್ಮೀನ ಮನಿಯಾಗ ಕುಂತಾರ. ನಾ ಒಬ್ಬಾಕಿ ನಿಮ್ಮ ಮನ್ಯಾಗ ಉಂಡು ಸಾಲಿಗೆ ಹೋಗ್ಲೇನ್ರಿ? ಯಾವ ಮಕ ಇಟಗೊಂಡು ಹೋಗ್ಲಿ?”

“ನೀ ಏನ ಹೇಳಿದಿ ಹುಚ್ಚಿ? ಕೂಲಿ ಇಲ್ಲ ಅಂತ ಹೇಳಿದಾಕಿ ನಾನು!”

“ನೀವು ನಮ್ಮ ಸಲುವಾಗಿ ಹೇಳಿದ್ರಿ” ಎಂದಳು ಯಮನೂರಮ್ಮ.

ಎಷ್ಟು ಹೇಳಿದರೂ ಹುಡುಗಿ ಜಗ್ಗಲಿಲ್ಲ. ಹುಲಿಗವ್ವ ಬೈದಳು, ಬೇಡಿಕೊಂಡಳು, ಕೊನೆಗೆ ಕೈಯನ್ನೂ ಎತ್ತಿದಳು. ಎತ್ತಿದ ಕೈಯಿಂದ ತನ್ನ ಹಣೆಯನ್ನೇ ಬಡಿದುಕೊಂಡಳು. ನಾವು ಬಸ್ಸು ಹಿಡಿದು ವಾಪಸು ಬಂದೆವು.

ಬಡತನ ಬಿಡಿಸಿದ ಓದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮರ್ಯಾದೆ ಬಿಡಿಸಿದ್ದನ್ನು ಕಂಡದ್ದು ಅದೇ ಮೊದಲು. ಬಡತನಕ್ಕಾದರೆ ಯಾರದಾದರೂ ಕಾಲು ಹಿಡಿಯಬಹುದು.

ಆ ಗದ್ದೆ ಮಾತ್ರ ಚೆನ್ನಾಗಿ ಬೆಳೆಯಿತು. ಸುಗ್ಗಿ ಮುಗಿದ ಮೇಲೆ ಒಂದು ದಿನ ನಾನು ಹುಲಿಗವ್ವನ ಮನೆಗೆ ಹೋದೆ. ಆಗ ಆಕೆ ಗಂಗಾವತಿಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಾಗಿಲ ಪಕ್ಕ ಒಂದು ಅಕ್ಕಿ ಚೀಲವಿತ್ತು. ಕಟ್ಟಿದ ಬಾಯಿ ಕಟ್ಟಿದಂತೆಯೇ ಇತ್ತು.

“ಯಮನೂರಿ ಅವ್ವ ಹುಲಗಮ್ಮ ಕಳಿಸ್ಯಾಳ್ರಿ. ಟೀಮಿನ ಎಲ್ಲಾರ ಮನಿಗೂ ಒಂದೊಂದು ಕಳಿಸ್ಯಾಳಂತ. ಯಮನೂರಿ ತಾನ ಹೊತಗೊಂಡು ಬಂದಿದ್ಳು” ಎಂದಳು.

“ಒಳಗೆ ಕರೆಯಲಿಲ್ಲವಾ?”

“ಕರದ್ನಿರಿ. ನೀರು ಸುದ್ದಾ ಕುಡೀಲಿಲ್ಲ. ‘ಟೀಚರ, ನಮ್ಮ ಮುಯ್ಯಿ ತೀರಿತ್ರಿ’ ಅಂತಂದು, ಕಾಲಿಗೆ ಬಿದ್ದು ಹೋದ್ಳು.” ಹುಲಿಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆ ಆದೇಶ ಬಂದ ದಿನವೂ ಅಳದಿದ್ದವಳು ಈಗ ಗಂಟಲು ಬಿಚ್ಚಿ ಅತ್ತಳು. “ಮುಯ್ಯಿ ಬಾಕಿ ಐತಿ ಅಂದ್ರ ಇವತ್ತಲ್ಲ ನಾಳಿಗೆ ಬಂದಾಳು ಅಂತ ಕಾಯತಿದ್ನಿರಿ ಮೇಡಮ್ಮಾರ. ತೀರಿಸಿ ಬಿಟ್ಳು. ಇನ್ನ ಆ ಹುಡುಗಿ ನನ್ನ ಮನಿಗೆ ಯಾಕ ಬರ್ತಾಳ್ರಿ?”