ಕಣಿವೆಯ ಕಲ್ಲಿಗೆ ಇಟ್ಟ ಎಡೆ

ಇವತ್ತು ಮಹಾಲಯ ಅಮಾವಾಸ್ಯೆ. ಬೆಳಿಗ್ಗೆ ಎಳ್ಳುಂಡೆಗೆ ಎಳ್ಳು ಹುರಿಯಲು ಇಟ್ಟು ಫೋನ್ ಹಿಡಿದು ಕೂತೆ, ಸೀದುಹೋಯಿತು. ಹೊಗೆಗೆ ಅಲಾರಂ ಬಾಯಿ ಬಡಿದುಕೊಂಡಿತು. ಟವೆಲ್ ಬೀಸಿ ಅದನ್ನು ಸುಮ್ಮನಾಗಿಸಿದೆ, ವಾಸನೆ ಮಾತ್ರ ಮೇರಿಲ್ಯಾಂಡಿನ ಜರ್ಮನ್‌ಟೌನಿನ ಈ ಅಪಾರ್ಟ್‌ಮೆಂಟಿನಲ್ಲಿ ನಿಂತೇ ಬಿಟ್ಟಿತು. ನಾನು ಆಂಟಿ ಎನ್ನುತ್ತಿದ್ದ ಒಬ್ಬ ಡಾಕ್ಟರ ಹೆಂಡತಿಯ ಅಡುಗೆಮನೆಯ ವಾಸನೆ ಅದು... ಅವರೂ ಪ್ರತಿ ವರ್ಷ ಎಳ್ಳು ಸೀಯಿಸುತ್ತಿದ್ದರು.

ತೊಂಬತ್ತರ ದಶಕದಲ್ಲಿ ನಾನು ಡರ್ಹಮ್‌ನ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದೆ. ಮೂರು ಗಂಟೆ ಡ್ರೈವ್ ಮಾಡಿದರೆ ಆಂಟಿಯ ಕಣಿವೆ. ಅವರ ಗಂಡ ಇಪ್ಪತ್ತು ವರ್ಷದಿಂದ ಅಲ್ಲಿಗೆ ಒಬ್ಬರೇ ಡಾಕ್ಟರು. ನಮ್ಮಂತೆಯೇ ಮಂಡ್ಯ ಕಡೆಯವರು. ಯುಗಾದಿ ಊಟದಲ್ಲಿ ಪರಿಚಯವಾಗಿ, ರಜೆ ಸಿಕ್ಕಾಗಲೆಲ್ಲ ಆಂಟಿ ನನ್ನನ್ನು ಕರೆಸಿಕೊಂಡು ಮುದ್ದೆ ಹಾಕುತ್ತಿದ್ದರು.

ಕಣಿವೆಗೆ ಇಳಿಯುವ ತಿರುವಿನಲ್ಲಿ, ರಸ್ತೆ ಪಕ್ಕ, ಆಳೆತ್ತರದ ಒಂದು ಕಲ್ಲು. ಮೊದಲು ಬಂದು ನೆಲೆಸಿದ ಹನ್ನೊಂದು ಮಂದಿಯ ಹೆಸರು ಅದರ ಮೇಲೆ ಕೆತ್ತಿದ್ದರು. ಆ ಮನೆತನಗಳವರು ಒಬ್ಬರೂ ಆಗ ಅಲ್ಲಿರಲಿಲ್ಲ. ಆಂಟಿಗೆ ಅದು ಸಹಿಸದು. ಪಿತೃಪಕ್ಷ ಬಂತೆಂದರೆ ಕೋಳಿ ಸಾರು, ವಡೆ, ಎಳ್ಳುಂಡೆ ಮಾಡಿ, ಮಧ್ಯಾಹ್ನ ಆ ಕಲ್ಲಿನ ಬುಡಕ್ಕೆ ಎಡೆ ಇಡುತ್ತಿದ್ದರು. ಯಾರೋ ಬಿಳಿಯರಿಗೆ ಯಾಕೆಂದು ನಾನು ರೇಗಿಸಿದರೆ, ಅವರ ಊರಲ್ಲಿ ಬಾಳುತ್ತಾ ಅವರನ್ನು ಹಸಿದಿರಲು ಬಿಡಬಾರದು ಎನ್ನುತ್ತಿದ್ದರು. ಅವರಿಗಿಂತ ಮೊದಲು ಇದ್ದ ಮೂಲನಿವಾಸಿಗಳಿಗೋ ಎಂದು ಅಂಕಲ್ ಕೆಣಕಿದ ಮೇಲೆ, ರಸ್ತೆಯಾಚೆ ಮರದ ಕೆಳಗೆ ಇನ್ನೊಂದು ತಟ್ಟೆಯೂ ಶುರುವಾಯಿತು.

ಒಂದು ವರ್ಷ ಪಿತೃಪಕ್ಷದ ಹೊತ್ತಿಗೆ ಅಂಕಲ್ ರಿಟೈರ್ ಆಗಿ ಅಟ್ಲಾಂಟಾದಲ್ಲಿ ಮನೆ ಕೊಂಡಿದ್ದರು. ಹತ್ತು ದಿನದಲ್ಲಿ ಹೊರಡುವುದಿತ್ತು. ನಾನೂ ಆಂಟಿಯೂ ಎಡೆ ತೆಗೆದುಕೊಂಡು ಹೋದೆವು. ಪ್ರತಿ ವರ್ಷ ನಾವು ಬೆನ್ನು ತಿರುಗಿಸುವುದರೊಳಗೆ ಎರಗುತ್ತಿದ್ದ ಕಾಗೆಗಳು ಅಂದು ಮರದ ತುಂಬ ಕೂತಿದ್ದವು. ಒಂದೂ ಕೂಗಲಿಲ್ಲ, ಒಂದೂ ಇಳಿಯಲಿಲ್ಲ. ನಮ್ಮ ಕಡೆ ಕಾಗೆ ಎಡೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಅದೇನೆಂದು ಊಹಿಸಿ, ಮಾತು ಕೊಡಬೇಕು. ಗಾಳಿಯಿಲ್ಲದ ಆ ಬಿಸಿಲಿನಲ್ಲಿ ಮುಕ್ಕಾಲು ಗಂಟೆ ನಿಂತೆವು. ಕೊನೆಗೆ ಆಂಟಿ ಕಲ್ಲಿನ ಮೇಲೆ ಅಂಗೈ ಇಟ್ಟರು.

“ಆಯ್ತು, ನಾನು ಹೋಗಲ್ಲ. ಇಲ್ಲೇ ಇರ್ತೀನಿ.”

ಒಂದು ಕಾಗೆ ಇಳಿದು ಬಂದು ವಡೆ ಕಚ್ಚಿತು. ಆಮೇಲೆ ಎಲ್ಲವೂ ಬಂದವು.

ಅಂಕಲ್‌ಗೆ ಹೇಳಿದಾಗ ನಕ್ಕರು. “ಕಾಗೆ ಮಾತು ಕೇಳ್ಕೊಂಡು ಮೂವಿಂಗ್ ಟ್ರಕ್ ಕ್ಯಾನ್ಸಲ್ ಮಾಡಕ್ಕಾಗುತ್ತಾ?” ಆಂಟಿಯೂ ನಕ್ಕು, ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತತೊಡಗಿದರು. ಟ್ರಕ್ ಬರುವ ಹಿಂದಿನ ದಿನ ಬೆಳಿಗ್ಗೆ, ಅರ್ಧ ತುಂಬಿದ ಬಾಕ್ಸಿನ ಪಕ್ಕ ಕುಸಿದವರು ಮತ್ತೆ ಏಳಲಿಲ್ಲ. ಹೃದಯ ನಿಂತಿತು ಎಂದರು ಅಂಕಲ್. ಅಸ್ಥಿಯನ್ನು ಆ ಕಣಿವೆಯ ಹೊಳೆಯಲ್ಲೇ ಬಿಟ್ಟರು.

ಮರುವರ್ಷ ಅಮಾವಾಸ್ಯೆಗೆ ನಾನೊಬ್ಬಳೇ ಹೋಗಿ, ಆಂಟಿಗೆಂದು ಕಲ್ಲಿನ ಬಳಿ ಎಡೆ ಇಟ್ಟೆ. ಕಾಗೆಗಳು ಅದೇ ಮರದಲ್ಲಿ... ಹಾಗೇ ಸದ್ದಿಲ್ಲದೆ. ಇಲ್ಲೇ ಇರುತ್ತೇನೆ ಎನ್ನಲು ನನಗೆ ಧೈರ್ಯ ಬರಲಿಲ್ಲ. ಹಾಗೆಂದವರ ಗತಿ ನೋಡಿದ್ದೆನಲ್ಲ. “ಪ್ರತಿ ವರ್ಷ ಬರ್ತೀನಿ ಆಂಟಿ” ಎಂದೆ. ಒಂದು ಕಾಗೆ ಕತ್ತು ಓರೆ ಮಾಡಿ ನೋಡಿತು. ಇಳಿದು ಬಂದು ತಿಂದಿತು.

ನಾನು ಮತ್ತೆ ಹೋಗಲೇ ಇಲ್ಲ. ಕೆಲಸ ಬದಲಾಯಿತು, ಮೇರಿಲ್ಯಾಂಡಿಗೆ ಬಂದೆ, ಮುಂದಿನ ವರ್ಷ ಎನ್ನುತ್ತಲೇ ಇಷ್ಟು ವರ್ಷಗಳಾದವು. ನಾಚಿಕೆಯಾಗುತ್ತದೆ... ಅಷ್ಟು ಉಣ್ಣಿಸಿದ ಕೈ ಅದು.

ಇವತ್ತು ಸೀದ ಎಳ್ಳಿನಲ್ಲೇ ಉಂಡೆ ಕಟ್ಟಿ, ಆಂಟಿಯ ಹೆಸರಲ್ಲಿ ಬಾಲ್ಕನಿಯಲ್ಲಿ ಎಡೆ ಇಟ್ಟೆ. ಮಧ್ಯಾಹ್ನ ಪಾರ್ಕಿಂಗ್ ಲಾಟಿನ ಲೈಟ್ ಕಂಬದ ಮೇಲೆ ಒಂದು ಕಾಗೆ ಬಂದು ಕೂತಿತು. ಈಗ ನಾಲ್ಕು ಗಂಟೆ. ಅದು ಅಲ್ಲೇ ಇದೆ, ತಟ್ಟೆಯೂ ಹಾಗೇ ಇದೆ. ಏನು ಹೇಳಬೇಕೆಂದು ನನಗೆ ಗೊತ್ತು. ಒಮ್ಮೆ ನನ್ನ ಮಾತು ನಂಬಿ ತಿಂದವರಿಗೆ ಅದನ್ನೇ ಇನ್ನೊಮ್ಮೆ ಹೇಗೆ ಹೇಳಲಿ?